ಹರಳ ಪಟ್ಟಿಗೆ ಹೊದಿಸಿದ ಕೆರೆಮಣ್ಣು

ಮಗದುಮ ವಸ್ತಿ, ತಾ. ಅಥಣಿ
ದಿ. 20-4-1992

ಪ್ರೀತಿಯ ತಾರಾ,

ಜೈ ಜಿನೇಂದ್ರ. ಇಲ್ಲಿ ಎಲ್ಲರೂ ಆರಾಮ, ನಿಮ್ಮ ಆರಾಮ ತಿಳಿಸು ಎಂದು ಪ್ರತಿ ಪತ್ರದಲ್ಲೂ ಬರೆಯುತ್ತ ಬಂದಿದ್ದೇನೆ. ಈ ಸಲ ಆ ಸಾಲು ಬಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಯಾರಿಗೂ ಜ್ವರ ಬಂದಿಲ್ಲ, ದನಕರುಗಳೂ ನೆಟ್ಟಗಿವೆ. ಆದರೆ ಸಾಕಾಗಿದೆ ತಾರಾ. ಮೈ ದಣಿದಿದ್ದರೆ ಮಲಗಿ ಎದ್ದರೆ ಹೋಗುತ್ತದೆ. ಇದು ಮಲಗಿದರೂ ಹೋಗುತ್ತಿಲ್ಲ.

ನಿನ್ನ ಮಂಗಲಳನ್ನು ನಮ್ಮ ತಾತ್ಯಾಸಾಹೇಬನಿಗೆ ಕೊಡುವ ಮಾತನ್ನು ಎತ್ತಿದವಳು ನೀನೇ. ಹೋದ ಪಂಚಮಿಗೆ ಗೆಳತಿಯರಿಬ್ಬರೂ ಭೋಜಕ್ಕೆ ತವರಿಗೆ ಬಂದಿದ್ದೆವಲ್ಲ, ಆಗ. "ರಾಜಾ, ನಿನ್ನ ಮಗಗ ನನ್ನ ಮಗಳ ಕೊಟ್ರ ಹೆಂಗ?" ಎಂದು ನೀನು ಜೋಕಾಲಿಯ ಹಗ್ಗ ಹಿಡಿದುಕೊಂಡೇ ಕೇಳಿದೆ. ನಾನು ನಕ್ಕೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು. ಈಗ ನಿಮ್ಮವರು, ಭಾವುಸಾಹೇಬರು, ದಿಗ್ಗೇವಾಡಿಯಿಂದ ಕಾರ್ಡು ಬರೆದಿದ್ದಾರೆ. ಅಕ್ಷಯ ತದಿಗೆ ಮುಗಿದ ಮೇಲೆ ಮನೆ ನೋಡಲು ಬರುತ್ತಾರಂತೆ. ಹೊಲವನ್ನೂ ನೋಡಿ, ವಾಡಿಕೆಯಂತೆ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋಗುತ್ತಾರಂತೆ.

ಅವರು ಬರುವ ಮೊದಲು ನಿನಗೆ ಹೇಳಲೇಬೇಕಾದ ಮಾತೊಂದಿದೆ. ನಿಮ್ಮವರ ಕೈಗೆ ಸಿಗುವ ಆ ಹಿಡಿ ಮಣ್ಣು ನಮ್ಮ ಹೊಲದ್ದಲ್ಲ.

ಎಂಟು ದಿನದಿಂದ ನಮ್ಮ ಆಳು ಭರಮು ಟ್ರ್ಯಾಕ್ಟರಿನಲ್ಲಿ ಕೆರೆಯ ಮಣ್ಣು ಹೇರಿ ತರುತ್ತಿದ್ದಾನೆ. ಕೆರೆ ಬತ್ತಿ ತಳ ಬಿರುಕು ಬಿಟ್ಟಿದೆ. ಅಲ್ಲಿಂದ ಕರ್ರಗಿನ ಹೆಂಟೆ ಹೆಂಟೆ ಮಣ್ಣು ತಂದು ರಸ್ತೆಯ ಬದಿಯ ಹೊಲಕ್ಕೆ ಸುರಿಯುತ್ತಾರೆ. ಕುಂಟೆ ಹೊಡೆದು ಸಮ ಮಾಡುತ್ತಾರೆ. ರಸ್ತೆಯಲ್ಲಿ ನಿಂತು ನೋಡಿದರೆ ಥೇಟ್ ನಿಮ್ಮ ಕೃಷ್ಣಾ ದಂಡೆಯ ಕರಿಮಣ್ಣಿನ ಯರಿ ಹೊಲ. ಬದುವಿನಿಂದ ನೂರು ಮಾರು ಒಳಗೆ ಬಂದರೆ ಬಣ್ಣ ಬದಲಾಗುತ್ತದೆ. ಅಷ್ಟು ಒಳಗೆ ಬೀಗರು ಯಾಕೆ ಬರುತ್ತಾರೆ, ಬಿಸಿಲು ಹಾಗಿದೆ, ಬೇವಿನ ನೆರಳಲ್ಲಿ ಚಹಾ ಕುಡಿಸಿ ಕಳಿಸಿದರಾಯಿತು ಎಂದು ನಮ್ಮ ಮನೆಯವರ ಲೆಕ್ಕ. ಜನರ ಕಣ್ಣಿಗೆ ಮಣ್ಣೆರಚುವುದು ಅನ್ನುತ್ತಾರಲ್ಲ, ಇವರು ಅದಕ್ಕೆ ಟ್ರ್ಯಾಕ್ಟರು ತಂದಿದ್ದಾರೆ.

ಇದು ಇವರು ಕಂಡುಹಿಡಿದ ಉಪಾಯವಲ್ಲ. ನನ್ನ ಮದುವೆಗೂ ಹೀಗೇ ನಡೆದಿತ್ತು. ಆಗ ಟ್ರ್ಯಾಕ್ಟರು ಇರಲಿಲ್ಲ, ಚಕ್ಕಡಿಯಲ್ಲಿ ಹೇರಿದ್ದರು. ಮಾಡಿಸಿದವರು ನಮ್ಮ ಅತ್ತೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಒಂದು ಗುಟುಕು ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಉಂಡವರಲ್ಲ. ಅಂಥವರು ಶಂಖದ ಹುಳ, ಚಿಪ್ಪು ಸಮೇತ ಕೆರೆಯ ತಳವನ್ನೇ ಕೆದರಿಸಿ ತಂದು ಹೊಲಕ್ಕೆ ಹಾಕಿಸಿದರು. "ಸಾವಿರ ಸುಳ್ಳ ಹೇಳಿ ಒಂದ ಮದವಿ ಮಾಡಂತ ಹಿರ್ಯಾರ ಹೇಳ್ಯಾರ, ನಾ ಒಂದ ಸುಳ್ಳ ಹೇಳೇನಿ" ಅಂದರಂತೆ. ಈಗ ಅವರಿಲ್ಲ, ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು. ಆಡಿದೆ, ಇರಲಿ ಬಿಡು.

ಅಪ್ಪ ಆ ದಿನ ಟವೆಲ್ಲಿನ ತುದಿಗೆ ಮಣ್ಣು ಕಟ್ಟಿಕೊಂಡು ಭೋಜಕ್ಕೆ ಬಂದದ್ದು ನಿನಗೆ ನೆನಪಿರಬೇಕು. ನೀನು ನಮ್ಮ ಮನೆಯಲ್ಲೇ ಇದ್ದೆ, ಇಬ್ಬರೂ ಬಾಗಿಲ ಹಿಂದೆ ನಿಂತಿದ್ದೆವು. ಕಟ್ಟೆಯ ಮೇಲೆ ಗಂಟು ಬಿಚ್ಚಿ ಇಟ್ಟ. ಓಣಿಯ ಹಿರಿಯರೆಲ್ಲ ಬಂದು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದರು. "ಬೆಣ್ಣಿ ಐತಿ ಬೆಣ್ಣಿ. ಅಥಣಿ ಮಡ್ಡಿ ಕಡೆ ಇಂಥಾ ಮಣ್ಣ ಸಿಕ್ಕೈತಂದ್ರ ಹುಡಿಗಿ ದೈವಾ ಚಲೋ ಐತಿ" ಎಂದರು. ಅಪ್ಪನ ಮುಖ ಆಗ ಹೇಗಿತ್ತೆಂದು ನಾನು ಇಂದಿಗೂ ಮರೆತಿಲ್ಲ. ನಾನಂತೂ ಉಬ್ಬಿಹೋಗಿದ್ದೆ.

ಮದುವೆಯಾಗಿ ಬಂದ ವರ್ಷ ಮೃಗಶಿರದ ಮಳೆ ಒಂದೇ ಏಟಿಗೆ ಸುರಿಯಿತು. ಮರುದಿನ ಹೊಲಕ್ಕೆ ಹೋದರೆ ಕರಿ ಮಣ್ಣು ಅಂಬಲಿಯಂತೆ ಕರಗಿ, ಕೆಳಗಿನ ಕಾಮಣ್ಣನ ಹೊಲಕ್ಕೆ ಇಳಿದುಹೋಗಿತ್ತು. ನಮ್ಮದರಲ್ಲಿ ಉಳಿದದ್ದು ಬರೀ ಹರಳು. ದುಂಡನೆಯ ಹರಳುಕಲ್ಲು, ನಿಂಬೆಯಷ್ಟು, ಗೋಲಿಯಷ್ಟು, ಹುಣಸೆಬೀಜದಷ್ಟು, ಕಣ್ಣು ಹಾಯುವವರೆಗೂ ಅವೇ. ನಾನು ಬದುವಿನ ಮೇಲೆ ನಿಂತವಳು ಅಲ್ಲೇ ಕುಕ್ಕರಿಸಿದೆ. ಇವರು ಹಿಂದೆ ಬಂದು ನಿಂತರು. ಆಗ ಇವರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. "ನನಗ ಗೊತ್ತಿತ್ತು. ಅವ್ವನ ಮುಂದ ಬಾಯಿ ಬರಲಿಲ್ಲ" ಎಂದರು, ಅಷ್ಟೇ. ಅವರ ಕಣ್ಣಲ್ಲಿ ನೀರು ಕಂಡು ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ವರ್ಷ ಪಂಚಮಿಗೆ ನನ್ನನ್ನು ಕರೆಯಲು ಅಪ್ಪ ಬಂದ. ಹೊಲದ ಬದುವಿನಲ್ಲಿ ಸ್ವಲ್ಪ ಹೊತ್ತು ನಿಂತ. ಒಂದು ಹರಳನ್ನು ಎತ್ತಿ, ಒರೆಸಿ, ಮತ್ತೆ ಅದು ಇದ್ದಲ್ಲೇ ಇಟ್ಟ. "ನಡಿ ರಾಜವ್ವಾ, ಮೋಟಾರ ತಪ್ಪತೈತಿ" ಎಂದ. ಭೋಜಕ್ಕೆ ಹೋದ ಮೇಲೆ ಯಾರು ಕೇಳಿದರೂ "ನಮ್ಮ ರಾಜಮತಿದು ಯರಿ ಹೊಲಾ" ಎಂದೇ ಹೇಳಿದ. ಸಾಯುವವರೆಗೂ ಹಾಗೇ ಹೇಳಿದ. ಅವನ ಮಾತು ಸುಳ್ಳು ಮಾಡಲು ನನಗೆ ಮನಸ್ಸಾಗಲಿಲ್ಲ, ಅದಕ್ಕೇ ನಿನಗೂ ಇಷ್ಟು ದಿನ ಗೊತ್ತಾಗಲಿಲ್ಲ.

ಬೀಗರ ಮುಂದೆ ಹುಡುಗನ ಗುಣ-ಅವಗುಣ ಹೇಳಬೇಕು ಅನ್ನುತ್ತಾರೆ. ನಾನು ಹೊಲದ್ದು ಹೇಳುತ್ತೇನೆ ಕೇಳು. ಹುಡುಗನಿಗಿಂತ ಹೊಲದ ಜೊತೆಗೇ ಹೆಂಗಸಿನ ಬಾಳು ಹೆಚ್ಚು ಹೊತ್ತು ಕಳೆಯುತ್ತದೆ.

ನಮ್ಮಲ್ಲಿ ಇದಕ್ಕೆ ಹರಳ ಪಟ್ಟಿ ಎಂದೇ ಹೆಸರು. ಕಾಲುವೆ ಬರುತ್ತದೆ ಎಂಬ ಸುದ್ದಿ ಹಬ್ಬಿದ್ದ ವರ್ಷ ಮಣ್ಣಿನ ಸರ್ವೆಯವರು ಜೀಪಿನಲ್ಲಿ ಬಂದಿದ್ದರು. ಆಳೆತ್ತರದ ತಗ್ಗು ತೋಡಿಸಿ, ಅದರಲ್ಲಿ ಇಳಿದ ಸಾಹೇಬರು ನನ್ನನ್ನೂ ಕರೆದರು. "ಬರ್ರಿ ಬಾಯಾರ, ನಿಮ್ಮ ಹೊಲದ ಹೊಟ್ಟ್ಯಾಗ ಏನೈತಿ ನೋಡ್ರಿ" ಎಂದರು. ನಾನು ಸೆರಗು ಹೊದ್ದು ಬಗ್ಗಿ ನೋಡಿದೆ. ಮೇಲೆ ಗೇಣು ಕಂದು ಮಣ್ಣು, ಅದರಲ್ಲಿ ಅರ್ಧಕ್ಕರ್ಧ ಹರಳು. ಅದರ ಕೆಳಗೆ ಸ್ವಲ್ಪ ಕೆಂಪಗೆ ಜಿಗುಟು. ಮೊಣಕಾಲು ಆಳದಲ್ಲಿ ಜೋಳದ ಅರಳು ಚೆಲ್ಲಿದ ಹಾಗೆ ಬಿಳಿ ಸುಣ್ಣದ ಗಂಟುಗಳು. ಆಮೇಲೆ ಮರಳು, ಹರಳು, ಮತ್ತೆ ಮರಳು, ಮತ್ತೆ ಹರಳು, ಪದರು ಪದರಾಗಿ ತಳದವರೆಗೂ.

ಇದೆಲ್ಲ ಹಳ್ಳ ಹೊತ್ತು ತಂದದ್ದು ಎಂದು ಅವರು ಬಿಡಿಸಿ ಹೇಳಿದರು. ಮೇಲಿನ ಕಲ್ಲುನೆಲದ ಮಡ್ಡಿಯಿಂದ ಇಳಿಯುವ ನಮ್ಮ ಹಳ್ಳ ವರ್ಷವಿಡೀ ಒಣಗಿ ಬಿದ್ದಿರುತ್ತದೆ. ಎಂದೋ ಒಂದು ದಿನ ಹುಚ್ಚು ಮಳೆ ಹೊಡೆದಾಗ ಕಲ್ಲು, ಮರಳು, ಮಣ್ಣು ಎಲ್ಲ ಎತ್ತಿಕೊಂಡು ಬರುತ್ತದೆ. ಮಡ್ಡಿಯ ಬುಡಕ್ಕೆ ಬಂದಾಗ ಇಳಿಜಾರು ಕಡಿಮೆಯಾಗಿ ನೀರಿನ ಕಸುವು ಉಡುಗುತ್ತದೆ. ಆಗ ಭಾರದ್ದನ್ನು ಮೊದಲು ಇಳಿಸುತ್ತದೆ, ಅದು ನಮ್ಮ ಪಾಲಿಗೆ. ಹಗುರಾದ ನುಣ್ಣನೆಯ ಮಣ್ಣು ಮುಂದೆ ಹೋಗಿ ಕಾಮಣ್ಣನ ಹೊಲದಲ್ಲಿ ಕೂರುತ್ತದೆ. ಕಣದಲ್ಲಿ ರಾಶಿ ತೂರುವಾಗ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುವುದಿಲ್ಲವೇ, ಹಾಗೆ. ಇಲ್ಲಿ ಮಾತ್ರ ಹೊಟ್ಟು ಬಿದ್ದ ಕಡೆಯವನೇ ಸಾಹುಕಾರ. ಹೀಗೆ ಎಷ್ಟೋ ಸಾವಿರ ವರ್ಷ ನಡೆದಿದೆಯಂತೆ. ಒಂದೊಂದು ಪದರೂ ಒಂದೊಂದು ಮಹಾಪೂರ. ಹರಳು ದುಂಡಗಾದದ್ದು ಉರುಳಿ ಉರುಳಿ ಮೂಲೆ ಸವೆದು. ಸುಣ್ಣದ ಗಂಟೂ ಸುಮ್ಮನೆ ಬಂದದ್ದಲ್ಲ. ನಮ್ಮಲ್ಲಿ ಮಳೆ ಕಡಿಮೆ, ನೀರು ಮೊಣಕಾಲು ಆಳಕ್ಕೆ ಇಳಿದು ಅಲ್ಲೇ ಆರಿಬಿಡುತ್ತದೆ, ಕರಗಿದ್ದ ಸುಣ್ಣ ಅಲ್ಲೇ ಉಳಿಯುತ್ತದೆ. ಮಳೆ ಹೆಚ್ಚಿನ ಸೀಮೆಯಾಗಿದ್ದರೆ ಅದು ಎಂದೋ ತೊಳೆದು ಹೋಗುತ್ತಿತ್ತಂತೆ.

ಕಾಲುವೆಯ ನೀರು ಬಂದರೆ ಹೇಗೆ ಎಂದು ಇವರು ಆಸೆಯಿಂದ ಕೇಳಿದರು. ಸಾಹೇಬರು ಮುಚ್ಚುಮರೆ ಮಾಡಲಿಲ್ಲ. "ಜರಡ್ಯಾಗ ನೀರ ಹಾಕಿದಂಗ ಆಕ್ಕತ್ರಿ. ಮ್ಯಾಲಿನ ಅರ್ಧ ಹುಲ್ಲಿಗೆ ಬಿಡ್ರಿ, ರಂಟಿ ಹೊಡೀಬ್ಯಾಡ್ರಿ" ಎಂದರು. ಅವರಿಗೆ ಚಹಾ ಮಾಡಬೇಡ ಎಂದು ಇವರು ನನಗೆ ಕಣ್ಸನ್ನೆ ಮಾಡಿದರು. ನಾನು ಮಜ್ಜಿಗೆ ಕೊಟ್ಟೆ. ಕಣ್ಸನ್ನೆ ಚಹಾಕ್ಕೆ ಮಾತ್ರ ಇತ್ತು.

ಆ ಸಾಹೇಬರು ಬರುವ ಮೊದಲೇ ಒಂದು ಸಂಗತಿ ನನಗೆ ಗೊತ್ತಾಗಿತ್ತು, ಅದನ್ನು ಕಲಿತದ್ದು ಸೊಂಟ ಮುರಿದುಕೊಂಡು. ಮೊದಲ ಎರಡು ವರ್ಷ ಅತ್ತೆ ನನ್ನ ಕೈಲಿ ಹರಳು ಆರಿಸಿದರು. ಬೆಳಿಗ್ಗೆ ಬುಟ್ಟಿ ಹಿಡಿದು ಹೋದರೆ ಮಧ್ಯಾಹ್ನದವರೆಗೆ ಅದೇ ಕೆಲಸ. ಬದುವಿನಲ್ಲಿ ಕಲ್ಲಿನ ಗುಡ್ಡೆ ಬೆಳೆಯಿತು, ಹೊಲದಲ್ಲಿ ಬೆಳೆ ಬೆಳೆಯಲಿಲ್ಲ. ಹರಳು ತೆಗೆದ ಕಡೆ ಮಳೆ ಬಿದ್ದರೆ ಮಣ್ಣು ಹಪ್ಪಳಗಟ್ಟಿ ಮೊಳಕೆ ಮೇಲೆ ಬರದಾಯಿತು, ಎರಡು ಬಿಸಿಲಿಗೆ ಹಸಿ ಪೂರಾ ಆರಿತು. ಆರಿಸದೆ ಬಿಟ್ಟ ಮೂಲೆಯಲ್ಲಿ ಒಂದು ದಿನ ಹರಳು ಎತ್ತಿ ನೋಡುತ್ತೇನೆ, ಕೆಳಗೆ ತಣ್ಣಗೆ ಹಸಿ! ಮೇಲೆ ಕಲ್ಲು ಕಾದು ಸುಡುತ್ತಿದೆ, ಅದರ ಅಡಿಗೆ ಸಜ್ಜೆಯ ಬೇರು ತಂಪಾಗಿ ಕೂತಿದೆ. ಅತ್ತೆಗೆ ಹೇಳಿದೆ. "ನೀ ಭೋಜದಾಕಿ, ಕಲ್ಲಿನ ಸುದ್ದಿ ನಿನಗೇನ ಗೊತ್ತು" ಎಂದರು. ಮರುವರ್ಷ ಅವರೇ ಆಳು ಹಚ್ಚಿ ಆ ಗುಡ್ಡೆಯ ಹರಳನ್ನು ವಾಪಸ್ಸು ಹೊಲಕ್ಕೆ ಚೆಲ್ಲಿಸಿದರು. ನನ್ನ ಎರಡು ವರ್ಷದ ಸೊಂಟನೋವು ಮಾತ್ರ ವಾಪಸ್ಸು ಹೋಗಲಿಲ್ಲ.

ಇಷ್ಟಾದರೂ ಇದು ಕೆಟ್ಟ ಹೊಲ ಎಂದು ನಾನು ಹೇಳುವುದಿಲ್ಲ ತಾರಾ. ಮಳೆ ನಿಂತ ಮರುದಿನವೇ ಇಲ್ಲಿ ಬಿತ್ತಬಹುದು. ಯರಿಯವರು ಕೆಸರಿನಲ್ಲಿ ಕಾಲಿಡಲಾರದೆ ನಾಲ್ಕು ದಿನ ಕೂತಿರುತ್ತಾರೆ. ಸಜ್ಜೆ, ಹುರುಳಿ, ಮಡಿಕೆ ಕಾಳು ಬರುತ್ತವೆ, ಹೊಟ್ಟೆಗೆ ಸಾಕಾಗುವಷ್ಟು. ಮೇಲಿನ ಅರ್ಧವನ್ನು ಹುಲ್ಲಿಗೆ ಬಿಟ್ಟಿದ್ದೇವೆ. ದೀಪಾವಳಿಯ ಹೊತ್ತಿಗೆ ಹುಲ್ಲು ಹಣ್ಣಾಗಿ ಹೊಂಬಣ್ಣಕ್ಕೆ ತಿರುಗಿದಾಗ ಕುರುಬರ ಮಾಯಪ್ಪನ ಕುರಿಗಳು ಬಂದು ಹಟ್ಟಿ ಹಾಕುತ್ತವೆ, ಆ ಗೊಬ್ಬರದಿಂದಲೇ ಕೆಳಗಿನ ಅರ್ಧ ನಡೆಯುತ್ತದೆ. ಆದರೆ ಹದಿನೈದು ದಿನ ಮಳೆ ತಡವಾದರೆ ಎಲ್ಲ ಬಾಡುತ್ತದೆ. ಕಬ್ಬು ಇಲ್ಲ, ಗೋಧಿ ಇಲ್ಲ. ಅಂಗಳದಲ್ಲಿ ನಾಲ್ಕು ಸೇವಂತಿಗೆ ಹಚ್ಚಬೇಕೆಂದರೂ ನೀರು ಹೊತ್ತು ಹೊತ್ತು ಹೆಗಲು ಬೀಳುತ್ತದೆ. ನಿನ್ನ ಮಗಳು ಹೊಳೆಯಲ್ಲಿ ಈಜಿ ಬೆಳೆದವಳು. ಇದನ್ನೆಲ್ಲ ಅವಳಿಗೆ ಮೊದಲೇ ಹೇಳಬೇಕೋ ಬೇಡವೋ, ನೀನೇ ಹೇಳು.

ಮೊನ್ನೆ ನಾನು ಇವರಿಗೆ ಕೇಳಿದೆ. "ನಿಮಗ ನಾಚಿಕಿ ಬರೂದಿಲ್ಲೇನ್ರಿ? ನಿಮ್ಮ ಕಣ್ಣಾಗ ಅವತ್ತ ನೀರ ಬಂದಿತ್ತು" ಎಂದೆ. ಇವರು ರೇಗಲಿಲ್ಲ. ರೇಗಿದ್ದರೆ ನನಗೆ ಹಗುರಾಗುತ್ತಿತ್ತು. "ಖರೇ ಹೇಳಿದ್ರ ಯಾರ ಹೆಣ್ಣ ಕೊಡ್ತಾರ? ಮೂರ ಕಡೆ ಹರಳ ಅಂದಕೂಡ್ಲೆ ಎದ್ದ ಹೋಗ್ಯಾರ. ಅವತ್ತ ಅವ್ವ ಖರೇ ಹೇಳಿದ್ರ ನೀ ಬರ್ತಿದ್ದಿ ಏನ?" ಎಂದರು. ಬರುತ್ತಿರಲಿಲ್ಲ ಎಂದರೆ ಇವರ ಜೊತೆ ಬಾಳಿದ್ದೆಲ್ಲ ಬೇಡವಾಗಿತ್ತು ಎಂದ ಹಾಗೆ. ಬರುತ್ತಿದ್ದೆ ಎಂದರೆ ಸುಳ್ಳು. ಅನ್ನದ ಗಡಿಗೆ ಇಳಿಸುವ ನೆವ ಮಾಡಿ ಒಳಗೆ ಹೋದೆ. ಇವರು ಒಳ್ಳೆಯವರು ತಾರಾ, ನನ್ನ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಒಳ್ಳೆಯವರು ಸುಳ್ಳು ಹೇಳಿದರೆ ಜಗಳ ಮಾಡುವುದೂ ಕಷ್ಟ.

ತಾತ್ಯಾನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕೆರೆಮಣ್ಣು ಹೊಲಕ್ಕೆ ಒಳ್ಳೆಯದು ಎಂದು ತನ್ನ ಅಪ್ಪ ಹೇಳಿದ್ದನ್ನು ನಂಬಿ ಎಂಟು ದಿನ ತಾನೇ ನಿಂತು ಹರವಿಸಿದ. ಹರಳಿನ ಜೊತೆ ಕಲಸಿದರೆ ಒಳ್ಳೆಯದೇ, ಅದು ಸುಳ್ಳಲ್ಲ. ನಿನ್ನೆ ಊಟಕ್ಕೆ ಕೂತಾಗ, "ಅವ್ವಾ, ಮಣ್ಣ ಬೇಕಾದ್ದ ಮ್ಯಾಲಿನ ಕಡೆ. ರಸ್ತಾದ ಬಾಜೂಕ ಅಷ್ಟ ಯಾಕ ಹಾಕಾಕತ್ತಾನ ಅಪ್ಪಾ?" ಎಂದು ಕೇಳಿದ. ಇವರು ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಇವರು ಎದ್ದು ಹೋದ ಮೇಲೆ ನಾನು ಅವನಿಗೆ ಎಲ್ಲ ಹೇಳಿದೆ. ಅವನು ತಾಟು ಸರಿಸಿದ. ಆಮೇಲೆ, "ಹಂಗಾದ್ರ ಆಕಿ ನನಗ ಬಂದಂಗ ಆಗೂದಿಲ್ಲ, ಕೆರಿಗೆ ಬಂದಂಗ ಆಕ್ಕತಿ" ಎಂದ. ಹೆತ್ತವರ ಮುಂದೆ ಬಾಯಿ ಬರದಿರುವುದು ಈ ಮನೆಯ ಗಂಡಸರ ರೋಗ, ಅವನಿಗೂ ಬರಲಿಲ್ಲ. ಆದರೆ ಈ ಪತ್ರ ಬರೆಯಲು ಅಂಗಡಿಯಿಂದ ಹಾಳೆ, ಲಕೋಟೆ ತಂದುಕೊಟ್ಟವನು ಅವನೇ.

ನನ್ನ ಆಸೆ ನಾನು ಬಚ್ಚಿಡುವುದಿಲ್ಲ. ಮಂಗಲ ಬರಬೇಕು ಎಂದು ನನಗೆ ಬಹಳ ಆಸೆ. ಇಲ್ಲಿ ಮಧ್ಯಾಹ್ನದ ಹೊತ್ತು ಮಾತಾಡಲು ಒಂದು ಜೀವ ಇಲ್ಲ. ಅವಳ ನಗು ನಿನ್ನದೇ, ಮೂಗು ಮುಚ್ಚಿಕೊಂಡು ನಗುವುದು. ಅವಳು ಈ ಮನೆಯಲ್ಲಿ ನಕ್ಕರೆ ನನಗೆ ಭೋಜದ ಓಣಿಯಲ್ಲಿ ಕೂತ ಹಾಗಾದೀತು. ಅದಕ್ಕೇ ಹೇಳುತ್ತಿದ್ದೇನೆ. ಮೊದಲ ಮಳೆಯ ಮರುದಿನ ಅವಳು ಆ ಬದುವಿನ ಮೇಲೆ ಕುಕ್ಕರಿಸುವುದನ್ನು ನಾನು ಹಿಂದೆ ನಿಂತು ನೋಡಲಾರೆ. ನನ್ನಲ್ಲಿ ಅಷ್ಟು ಶಕ್ತಿ ಉಳಿದಿಲ್ಲ.

ಇಷ್ಟು ಮಾಡು. ನಿಮ್ಮವರಿಗೆ ಸಮಾಧಾನದಿಂದ ತಿಳಿಸು. ಬಂದಾಗ ಬೇವಿನ ನೆರಳಲ್ಲಿ ಕೂರಬಾರದು. ಚಪ್ಪಲಿ ಬಿಟ್ಟು, ಹುಲ್ಲು ಬೆಳೆದ ಮೇಲಿನ ಕಡೆಯವರೆಗೆ ನಡೆಯಲಿ, ಗುದ್ದಲಿ ಕೇಳಿ ಒಂದು ಮೊಳ ಅಗೆಯಲಿ, ಅಲ್ಲಿಯ ಹಿಡಿ ಕಟ್ಟಿಕೊಳ್ಳಲಿ. ಇವರಿಗೆ ಜನರ ಮುಂದೆ ಅವಮಾನವಾಗುವ ಮಾತು ಮಾತ್ರ ಬೇಡ. ಆ ಹಿಡಿಯನ್ನು ಓಣಿಯ ಹಿರಿಯರಿಗಲ್ಲ, ಮಂಗಲಳಿಗೆ ತೋರಿಸಲಿ. ಇದನ್ನು ನೋಡಿಯೂ ಬರುತ್ತೇನೆಂದರೆ ನಾನು ಹೊಸ್ತಿಲಲ್ಲಿ ಆರತಿ ಹಿಡಿದು ನಿಂತಿರುತ್ತೇನೆ. ಒಲ್ಲೆ ಎಂದರೆ ನೀನು ನನ್ನ ತಾರಾನೇ, ಪಂಚಮಿಗೆ ಜೋಕಾಲಿ ಬಳಿ ಕೂತೇ ಕೂರುತ್ತೇವೆ. ತಾತ್ಯಾನ ಮುಖ ನೋಡುವುದು ಮಾತ್ರ ಕೆಲವು ದಿನ ಕಷ್ಟವಾಗುತ್ತದೆ.

ಪಕ್ಕದ ಮನೆಯ ಸುಂದರಾ ನಾಳೆ ಅಥಣಿ ಸಂತೆಗೆ ಹೋಗುತ್ತಾಳೆ, ಅವಳ ಕೈಲಿ ಪೋಸ್ಟಿಗೆ ಹಾಕಿಸುತ್ತೇನೆ. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ನಿಮ್ಮವರು ಗುದ್ದಲಿ ಕೇಳಿದರೆ ನನಗೆ ತಿಳಿಯುತ್ತದೆ.

ನಿನ್ನ,
ರಾಜಾ

ತಾ.ಕ.: ಹತ್ತಿಯಲ್ಲಿ ಸುತ್ತಿ ಒಂದು ಸಣ್ಣ ಶಂಖದ ಚಿಪ್ಪು ಇಟ್ಟಿದ್ದೇನೆ, ಲಕೋಟೆ ಒಡೆಯುವಾಗ ಜೋಪಾನ. ಅಂದು ಅಪ್ಪ ತಂದ ಹಿಡಿ ಮಣ್ಣಿನಲ್ಲಿ ಇದ್ದದ್ದು. ನೀನೇ ಆರಿಸಿ ನನ್ನ ಅಂಗೈಯಲ್ಲಿ ಇಟ್ಟಿದ್ದೆ. ಇಷ್ಟು ವರ್ಷ ಕುಂಕುಮದ ಡಬ್ಬಿಯಲ್ಲಿತ್ತು. ಈ ಪತ್ರ ಓದಿ ಹೇಳುವ ಮೊದಲು ಇದನ್ನು ಮಂಗಲಳ ಕೈಗೆ ಕೊಟ್ಟು, ರಾಜಾ ಮಾವಶಿಯ ಹೊಲದ ಮಣ್ಣಿನಲ್ಲಿ ಸಿಕ್ಕದ್ದು ಎಂದು ಹೇಳಿ ನೋಡು. ಅವಳು ಹಿಗ್ಗಿ, "ಅವ್ವಾ, ಹಂಗಾರ ಆ ಹೊಲದಾಗ ನೀರ ಭಾಳ ಇರಬೇಕಲ್ಲ?" ಎಂದು ಕೇಳಬಹುದು. ಬಾಗಿಲ ಹಿಂದೆ ನಿಂತು ನಾನೂ ನಿನ್ನನ್ನು ಅದನ್ನೇ ಕೇಳಿದ್ದೆ. ನೀನು ಹೌದು ಅಂದಿದ್ದೆ. ಈ ಸಲ ಹೌದು ಅನ್ನಬೇಡ.